ಏಳು ಇನ್ನಿಂಗ್ಸು, ನಲವತ್ತಾರು ರನ್ನು

ಕ್ರಿಕೆಟ್ ಬಗ್ಗೆ ಇಲ್ಲಿ ಬರೆಯೋದು ಬೇಡ ಅಂತ ನನಗೆ ನಾನೇ ಒಂದು ಕಟ್ಟು ಹಾಕಿಕೊಂಡಿದ್ದೆ. ಕಾರಣ ನಿಮಗೂ ಗೊತ್ತಿರೋದೇ. ನಮ್ಮಲ್ಲಿ ಈ ವಿಷಯಕ್ಕೆ ಪಂಡಿತರ ಕೊರತೆ ಇಲ್ಲ. ಟೀ ಅಂಗಡಿ ಬೆಂಚಿನ ಮೇಲೆ ಕೂತವರಿಂದ ಹಿಡಿದು ಟಿವಿಯಲ್ಲಿ ಕೋಟು ಹಾಕಿಕೊಂಡು ಕೂತವರ ತನಕ ಎಲ್ಲರಿಗೂ ಯಾರನ್ನ ತೆಗೀಬೇಕು, ಯಾರನ್ನ ಹಾಕಬೇಕು ಅನ್ನೋದು ಪಕ್ಕಾ ಗೊತ್ತು. ಅವರ ಮಧ್ಯೆ ನಾನೊಬ್ಬ ಯಾಕೆ ಅಂತ ಸುಮ್ಮನಿದ್ದೆ.

ಆದರೆ ಈಚೆಗೆ ಒಂದು ಪ್ರಶ್ನೆ ತಲೆ ತಿಂತಾ ಇದೆ. ಒಬ್ಬ ಹುಡುಗ. ವಯಸ್ಸು ಚಿಕ್ಕದು, ಕೈಯಲ್ಲಿ ಆಟ ಇದೆ ಅಂತ ಎಲ್ಲರೂ ಹೇಳ್ತಾರೆ, ಆದರೆ ಮೈದಾನಕ್ಕೆ ಇಳಿದರೆ ಸೋಲ್ತಾನೇ ಇದಾನೆ. ಅವನನ್ನ ಎಷ್ಟು ದಿನ ಇಟ್ಕೋಬೇಕು? ಅವನು ನಾಳೆ ಬೆಳಗೋ ಹುಡುಗನೋ, ಇವತ್ತೇ ಕೈಬಿಡಬೇಕಾದ ಹುಡುಗನೋ ಅಂತ ತಿಳ್ಕೊಳ್ಳೋದು ಹೇಗೆ? ಸುಲಭದ ಪ್ರಶ್ನೆ ಅನ್ನಿಸಬಹುದು. ರನ್ ನೋಡಿದ್ರೆ ಆಯ್ತಲ್ಲ ಅಂತೀರಾ? ನಾನೂ ಹಾಗೇ ಅಂದುಕೊಳ್ಳಬಹುದಿತ್ತು, ಆ ಹುಡುಗ ನಮ್ಮಕ್ಕನ ಮಗ ಆಗಿರದಿದ್ದರೆ :)

ನಮ್ಮೂರು ಕವಲಂದೆ. ಬಾಯಿ ಮಾತಲ್ಲಿ ಕೌಲಂದೆ. ಮೈಸೂರಿಂದ ಚಾಮರಾಜನಗರಕ್ಕೆ ಹೋಗೋ ರೈಲಲ್ಲಿ ನಂಜನಗೂಡು ದಾಟಿದ ಮೇಲೆ ಸಿಗುತ್ತೆ. ನೀವು ಕಿಟಕಿ ಪಕ್ಕ ಕೂತಿದ್ದರೆ, ಅದೂ ಬೆಳೆ ಕೊಯ್ಲಾದ ಕಾಲ ಆಗಿದ್ದರೆ, ಖಾಲಿ ಹೊಲಗಳಲ್ಲಿ ಹುಡುಗರು ಕ್ರಿಕೆಟ್ ಆಡ್ತಾ ಇರೋದು ಕಾಣುತ್ತೆ. ಟೆನ್ನಿಸ್ ಬಾಲು, ಮೂರು ಕೋಲು, ಇನ್ನೊಂದು ತುದಿಗೆ ಒಂದು ಕಲ್ಲು. ನಾನೂ ಅದೇ ಹೊಲಗಳಲ್ಲಿ ಬಾಲು ಹುಡುಕಿದವನು. ನನ್ನ ಆಟ ಅಲ್ಲಿಗೇ ಮುಗೀತು. ಅಕ್ಕನ ಮಗ ಹಾಗಲ್ಲ. ಅವನು ಲೆದರ್ ಬಾಲಿಗೆ ದಾಟಿದ, ಮೈಸೂರಿನ ಒಂದು ಕ್ಲಬ್ಬಿಗೆ ಸೇರಿದ. ವಾರಕ್ಕೆ ಮೂರು ದಿನ ಕಿಟ್ ಬ್ಯಾಗು ಹೊತ್ತುಕೊಂಡು ರೈಲು ಹತ್ತುತ್ತಾನೆ. ವಯಸ್ಸು ಹತ್ತೊಂಬತ್ತು. ಬಿಕಾಂ ಎರಡನೇ ವರ್ಷ.

ಈ ಸಲ ಊರಿಗೆ ಹೋಗಿದ್ದಾಗ ಊಟ ಮುಗಿಸಿ ಕೈ ತೊಳೆಯೋ ಹೊತ್ತಿಗೆ ಭಾವ ಶುರು ಮಾಡಿದರು.

"ನೋಡಪ್ಪ, ಏಳು ಮ್ಯಾಚ್ ಆಡವ್ನೆ. ಎಲ್ಲಾ ಕೂಡ್ಸುದ್ರೂ ಐವತ್ತು ಆಗ್ನಿಲ್ಲ. ನಂಜನಗೂಡು ಇಂಡಸ್ಟ್ರಿಯಲ್ ಏರಿಯಾದಲ್ಲಿ ಟ್ರೈನಿಗೆ ತಕ್ಕೋತಾವ್ರೆ. ಗೊತ್ತಿರೋರು ಒಬ್ರು ಹೇಳ್ತೀನಿ ಅಂದವ್ರೆ. ನೀನೇ ಬುದ್ಧಿ ಹೇಳು."

ಅಕ್ಕ ಮಾತಾಡಲಿಲ್ಲ. ಹುಡುಗ ತಟ್ಟೆ ನೋಡ್ತಾ ಕೂತಿದ್ದ. ಆಮೇಲೆ ಜಗಲಿ ಮೇಲೆ ಇಬ್ಬರೇ ಇದ್ದಾಗ ಕೇಳಿದೆ, ಏನ್ಲಾ ಅಂತ. "ಮಾವ, ನಂಗೇ ಗೊತ್ತಾಯ್ತಿಲ್ಲ. ಅಪ್ಪ ಹೇಳಾದು ಸರಿನೇ ಇರ್ಬೋದು," ಅಂದ. ಅಷ್ಟೇ. ಹತ್ತೊಂಬತ್ತನೇ ವಯಸ್ಸಿಗೆ ಹುಡುಗ ಅಪ್ಪನ ಮಾತು ಸರಿ ಇರಬಹುದು ಅಂತ ಒಪ್ಪಿಕೊಂಡರೆ ಒಳಗೆ ಏನೋ ಮುರಿದಿದೆ ಅಂತಲೇ ಅರ್ಥ.

ಭಾವನ ಮೇಲೆ ನನಗೆ ಸಿಟ್ಟಿಲ್ಲ. ಮಳೆ ನಂಬಿ ಬೇಸಾಯ ಮಾಡೋ ಮನೆಯಲ್ಲಿ ತಿಂಗಳ ಸಂಬಳ ಅಂದರೆ ಸಣ್ಣ ಮಾತಲ್ಲ. ಅವರು ಕೇಳಿದ್ದೂ ನ್ಯಾಯವಾದ ಪ್ರಶ್ನೆಯೇ. ಏಳು ಇನ್ನಿಂಗ್ಸು, 46 ರನ್ನು. ಇದನ್ನ ಓದೋದು ಹೇಗೆ?

ಉತ್ತರ ನನ್ನ ಹತ್ತಿರ ಇರಲಿಲ್ಲ. ಹಾಗಾಗಿ ನನಗೆ ಗೊತ್ತಿರೋ ಕತೆಗಳನ್ನ ಒಂದೊಂದಾಗಿ ಮನಸ್ಸಲ್ಲೇ ತೆಗೆದು ನೋಡಿದೆ. ಕರ್ನಾಟಕದ ಕ್ರಿಕೆಟ್ಟಲ್ಲಿ ಇಂಥ ಕತೆಗಳಿಗೆ ಬರ ಇಲ್ಲ ನೋಡಿ.

ಮೊದಲನೆಯದು ನಿಮಗೆಲ್ಲ ಗೊತ್ತಿರೋದೇ. 1969ರ ನವೆಂಬರ್, ಕಾನ್ಪುರ, ಆಸ್ಟ್ರೇಲಿಯಾ ಮೇಲೆ ಟೆಸ್ಟು. ಭದ್ರಾವತಿಯಲ್ಲಿ ಹುಟ್ಟಿದ ಇಪ್ಪತ್ತು ವರ್ಷದ ಕುಳ್ಳ ಹುಡುಗ ಜಿ.ಆರ್. ವಿಶ್ವನಾಥ್ ಮೊದಲ ಟೆಸ್ಟಿನ ಮೊದಲ ಇನ್ನಿಂಗ್ಸಲ್ಲಿ ಸೊನ್ನೆಗೆ ಔಟು. ಆಗಿನ ಕ್ಯಾಪ್ಟನ್ ಪಟೌಡಿ ಬಂದು, ಯೋಚನೆ ಮಾಡಬೇಡ, ನೀನು ಸೆಂಚುರಿ ಹೊಡೀತೀಯ ಅಂದರಂತೆ. ವಿಶ್ವನಾಥ್ ಅವರೇ ಎಷ್ಟೋ ಕಡೆ ಹೇಳಿಕೊಂಡಿದ್ದಾರೆ ಇದನ್ನ. ಎರಡನೇ ಇನ್ನಿಂಗ್ಸಲ್ಲಿ 137. ಆಮೇಲೆ ಹದಿಮೂರು ವರ್ಷ ಆಡಿದರು, ಒಟ್ಟು 14 ಸೆಂಚುರಿ, ಅವುಗಳಲ್ಲಿ ಒಂದು ಟೆಸ್ಟನ್ನೂ ಭಾರತ ಸೋಲಲಿಲ್ಲ.

ಚಿಕ್ಕವನಿದ್ದಾಗ ಈ ಕತೆ ಕೇಳಿದರೆ ಪಟೌಡಿ ಏನೋ ಭವಿಷ್ಯ ಹೇಳೋ ಶಕ್ತಿ ಇದ್ದವರು ಅನ್ನಿಸ್ತಿತ್ತು. ಈಗ ಹಾಗನ್ನಿಸಲ್ಲ. ಹುಡುಗ ಸೆಂಚುರಿ ಹೊಡೀತಾನೆ ಅಂತ ಅವರಿಗೂ ಗೊತ್ತಿರೋಕೆ ಸಾಧ್ಯ ಇಲ್ಲ ಕಣ್ರೀ. ಗೊತ್ತಿದ್ದದ್ದು ಒಂದೇ. ಈ ಹುಡುಗ ಈಗ ಕೂತು ಆ ಸೊನ್ನೆಯನ್ನೇ ಮೆಲುಕು ಹಾಕ್ತಿದಾನೆ, ಇನ್ನೊಂದು ಸಲ ಇಳಿಯೋ ಹೊತ್ತಿಗೆ ಅದು ಅವನ ತಲೆಯಲ್ಲಿ ಇರಬಾರದು. ಸೊನ್ನೆಯ ಭಾರವನ್ನ ಒಂದು ಮಾತಲ್ಲಿ ತಮ್ಮ ಹೆಗಲಿಗೆ ಹಾಕ್ಕೊಂಡರು. ಎರಡನೇ ಸಲವೂ ಸೊನ್ನೆ ಆಗಿದ್ದರೆ ನಗೆಪಾಟಲಾಗೋದು ಕ್ಯಾಪ್ಟನ್ನೇ ತಾನೆ?

ಎರಡನೇ ಕತೆ ಕೆ.ಎಲ್. ರಾಹುಲ್‌ದು. 2014ರ ಡಿಸೆಂಬರ್, ಮೆಲ್ಬೋರ್ನ್. ಮೊದಲ ಟೆಸ್ಟು. ರಾಹುಲ್ ಚಿಕ್ಕಂದಿನಿಂದ ಓಪನರ್. ಅವನನ್ನ ಮೊದಲ ಇನ್ನಿಂಗ್ಸಲ್ಲಿ ಆರನೆಯವನಾಗಿ ಕಳಿಸಿದರು, 3 ರನ್. ಎರಡನೆಯದರಲ್ಲಿ ಮೂರನೆಯವನಾಗಿ ಕಳಿಸಿದರು, 1 ರನ್. ಎರಡೂ ಸಲ ಔಟಾದ ಹೊಡೆತ ನೋಡಿದರೆ ಇವನಿಗೇನು ಟೆಸ್ಟ್ ಆಡೋಕೆ ಬರಲ್ಲ ಅನ್ನೋ ಹಾಗಿತ್ತು. ಒಂದು ವಾರದ ನಂತರ ಸಿಡ್ನಿ. ಧೋನಿ ಟೆಸ್ಟ್ ಆಟಕ್ಕೆ ವಿದಾಯ ಹೇಳಿ ಆಗಿತ್ತು, ಕೊಹ್ಲಿ ಕ್ಯಾಪ್ಟನ್. ಶಿಖರ್ ಧವನ್ ಹೊರಗೆ ಕೂತ, ರಾಹುಲ್ ಓಪನರ್ ಆಗಿ ಇಳಿದ. 110.

ಒಂದೇ ವಾರದಲ್ಲಿ ಹುಡುಗನ ಆಟ ಬದಲಾಗಿಬಿಡ್ತಾ? ಇಲ್ಲ. ಬದಲಾದದ್ದು ಅವನ ಜಾಗ. ಅದುವರೆಗೆ ಅವನ ಸೋಲು ಅಂತ ನಾವು ಬರೆದುಕೊಂಡ 4 ರನ್ನಲ್ಲಿ ಅವನ ಪಾಲು ಎಷ್ಟಿತ್ತು, ಅವನನ್ನ ಅಲ್ಲಿ ಇಲ್ಲಿ ಎತ್ತಿ ಇಟ್ಟವರ ಪಾಲು ಎಷ್ಟಿತ್ತು? ಸ್ಕೋರ್‌ಬೋರ್ಡಿನಲ್ಲಿ ಅದಕ್ಕೆ ಬೇರೆ ಬೇರೆ ಕಾಲಂ ಇರಲ್ಲ. ಎಲ್ಲಾ ಹುಡುಗನ ಹೆಸರಿನ ಮುಂದೇ ಬೀಳುತ್ತೆ.

ಇದು ಕ್ರಿಕೆಟ್ಟಿಗೆ ಮಾತ್ರ ಅಂಟಿದ ಕಾಯಿಲೆ ಅಲ್ಲ. ನನ್ನ ಜೊತೆ ಓದಿದ ಗೆಳೆಯನೊಬ್ಬ ಅಮೆರಿಕದ ಡಲ್ಲಾಸಿನಲ್ಲಿದಾನೆ. ಫೋನ್ ಮಾಡಿದಾಗ ಈ ಅಕ್ಕನ ಮಗನ ವಿಷಯ ಹೇಳಿದೆ. ಅವನು ನಕ್ಕು, ನಮ್ಮಲ್ಲಿ ವರ್ಷಪೂರ್ತಿ ಇದೇ ಚರ್ಚೆ ಮಾರಾಯ ಅಂದ. ಅವರ ಫುಟ್‌ಬಾಲು ಕಾಲಲ್ಲಿ ಒದೆಯೋದಲ್ಲ, ಕೈಯಲ್ಲಿ ಹಿಡಿದು ಓಡೋದು, ಎಸೆಯೋದು. ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಅಂತ ಒಬ್ಬ ಇರ್ತಾನೆ. ಬಹುಪಾಲು ಪ್ರತಿ ಸಲ ಚೆಂಡು ಮೊದಲು ಬರೋದು ಅವನ ಕೈಗೆ. ಎದುರಿಂದ ಗೂಳಿಗಳ ಹಾಗೆ ಜನ ನುಗ್ಗಿ ಬರ್ತಿರುವಾಗ ಎರಡು ಮೂರು ಸೆಕೆಂಡಲ್ಲಿ ಯಾರಿಗೆ ಎಸೆಯಬೇಕು ಅಂತ ತೀರ್ಮಾನ ಮಾಡಬೇಕು. ನಮ್ಮ ಲೆಕ್ಕದಲ್ಲಿ ಹೇಳೋದಾದರೆ ಓಪನಿಂಗ್ ಬ್ಯಾಟ್ಸ್‌ಮನ್ನೂ ಅವನೇ, ಮೈದಾನದಲ್ಲಿ ಕ್ಯಾಪ್ಟನ್ನೂ ಅವನೇ.

ಇನ್ನೊಂದು ವಿಷಯ ಕೇಳಿ. ಕಾಲೇಜಿನಿಂದ ಬರೋ ಒಳ್ಳೇ ಹುಡುಗರನ್ನ ಆರಿಸಿಕೊಳ್ಳೋಕೆ ಅಲ್ಲಿ ಮೊದಲ ಸರದಿ ಸಿಗೋದು ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದ ತಂಡಕ್ಕೆ. ಅಂದರೆ ಅತಿ ಒಳ್ಳೇ ಹುಡುಗ ಹೋಗಿ ಬೀಳೋದು ಸಾಮಾನ್ಯವಾಗಿ ಅತಿ ಬಡಕಲು ತಂಡಕ್ಕೆ. ಮೊದಲ ವರ್ಷ ಸೋಲದೆ ಇನ್ನೇನು ಮಾಡ್ತಾನೆ? ಗೆಳೆಯನ ಊರಿನ ತಂಡ ಡಲ್ಲಾಸ್ ಕೌಬಾಯ್ಸ್‌ಗೆ 1989ರಲ್ಲಿ ಟ್ರಾಯ್ ಐಕ್‌ಮನ್ ಅಂತ ಹುಡುಗ ಬಂದ. ಆ ವರ್ಷ ಅವನು ಶುರು ಮಾಡಿದ 11 ಪಂದ್ಯದಲ್ಲಿ 11ನ್ನೂ ಸೋತ. ಮುಂದೆ ಅದೇ ತಂಡಕ್ಕೆ ಮೂರು ಸೂಪರ್ ಬೌಲ್ ಗೆದ್ದುಕೊಟ್ಟ.

ಇಷ್ಟು ಕೇಳಿ, ಸರಿ ಹಾಗಾದರೆ, ಸೋಲೋ ಹುಡುಗರನ್ನೆಲ್ಲ ಇಟ್ಟುಕೊಂಡರೆ ಆಯ್ತಲ್ಲ ಅಂದೆ. ಅದಕ್ಕೆ ಗೆಳೆಯ ಇನ್ನೊಂದು ಕತೆ ಹೇಳಿದ. 1998ರಲ್ಲಿ ಇಬ್ಬರು ಹುಡುಗರು ಒಟ್ಟಿಗೆ ಬಂದರು. ಮೊದಲ ಸರದಿಯಲ್ಲಿ ಪೇಟನ್ ಮ್ಯಾನಿಂಗ್, ಎರಡನೆಯದರಲ್ಲಿ ರಯಾನ್ ಲೀಫ್. ಇವರಲ್ಲಿ ಯಾರು ಮೇಲು ಅಂತ ಆಗ ದೊಡ್ಡ ವಾದವೇ ನಡೆದಿತ್ತಂತೆ. ಮೊದಲ ವರ್ಷ ಇಬ್ಬರೂ ಎಡವಿದರು. ಮ್ಯಾನಿಂಗ್ ಎಸೆದ ಚೆಂಡನ್ನ ಎದುರಾಳಿಗಳು 28 ಸಲ ಹಿಡಿದರು, ಅವನ ತಂಡ 16ರಲ್ಲಿ 13 ಸೋತಿತು. ಲೀಫ್ ಚೆಂಡು 15 ಸಲ ಎದುರಾಳಿ ಕೈಗೆ ಹೋಯ್ತು. ಬರೀ ಈ ಎರಡು ಅಂಕಿ ಕೊಟ್ಟು ಯಾರು ಉಳೀತಾರೆ ಹೇಳು ಅಂದರೆ ನಾನಂತೂ ಲೀಫ್ ಅಂತಿದ್ದೆ! ಮ್ಯಾನಿಂಗ್‌ನ ತಂಡ ಮರುವರ್ಷವೇ 13 ಗೆದ್ದಿತು, ಅವನು ಆಟದ ದಂತಕತೆ ಆದ. ಲೀಫ್ ಕೆಲವೇ ವರ್ಷದಲ್ಲಿ ಆಟದಿಂದಲೇ ಹೊರಗೆ.

ಮ್ಯಾನಿಂಗ್ ಅಷ್ಟೆಲ್ಲ ತಪ್ಪು ಮಾಡ್ತಿದ್ದರೂ ಆ ವರ್ಷದ 16 ಪಂದ್ಯವನ್ನೂ ಅವನಿಂದಲೇ ಶುರು ಮಾಡಿಸಿದರು. ತಪ್ಪಿನ ಜೊತೆಗೆ ಸರಿಯಾದ ಎಸೆತಗಳೂ ಇದ್ದವು. ಆ ವರ್ಷ ಅವನು 26 ಟಚ್‌ಡೌನ್ ಕೊಡಿಸಿದ, ಲೀಫ್ ಕೊಡಿಸಿದ್ದು ಎರಡೇ ಎರಡು. ಒಬ್ಬ ಏನೋ ಮಾಡಲು ಹೋಗಿ ಎಡವುತ್ತಿದ್ದ, ಇನ್ನೊಬ್ಬ ಬರೀ ಎಡವುತ್ತಿದ್ದ. ಎಷ್ಟು ಸಲ ಬಿದ್ದ ಅನ್ನೋದಕ್ಕಿಂತ ಏನು ಮಾಡೋಕೆ ಹೋಗಿ ಬಿದ್ದ ಅನ್ನೋದು ನೋಡಬೇಕು ಅಂತ ಆವತ್ತು ಗೊತ್ತಾಯ್ತು.

ಫೋನಿಟ್ಟ ಮೇಲೆ ಅಕ್ಕನ ಮಗನಿಗೆ ಮೆಸೇಜ್ ಹಾಕಿದೆ. ಏಳೂ ಮ್ಯಾಚಿನ ಸ್ಕೋರ್ ಶೀಟಿನ ಫೋಟೋ ಕಳ್ಸು ಅಂತ. ಅವನು ಹೆದರಿಕೊಂಡೇ ಕಳಿಸಿದ. ಒಂದು ಹಾಳೆ ಮೇಲೆ ಬರ್ಕೊಂಡೆ. ನಿಮಗೂ ತೋರಿಸ್ತೀನಿ.

ಮೊದಲನೆಯ ಮ್ಯಾಚು: ಓಪನರ್, 4, ಬೌಲ್ಡ್. ಎರಡು: ಏಳನೆಯವನು, ಕೊನೇ ಓವರು, 0, ರನ್ ಔಟು. ಮೂರು: ಮೂರನೆಯವನು, 11, ಎಲ್‌ಬಿಡಬ್ಲ್ಯು. ನಾಲ್ಕು: ಮತ್ತೆ ಓಪನರ್, 22, ಮಿಡ್ ಆಫಲ್ಲಿ ಕ್ಯಾಚು. ಐದು: ಆರನೆಯವನು, ಎರಡು ಓವರ್ ಉಳಿದಿತ್ತು, 6, ಬೌಂಡರಿ ಹತ್ತಿರ ಕ್ಯಾಚು. ಆರು: ಐದನೆಯವನು, 0, ಬೌಲ್ಡ್. ಏಳು: ಏಳನೆಯವನು, 3 ನಾಟ್ ಔಟ್, ಅಷ್ಟರಲ್ಲಿ ಓವರೇ ಮುಗಿದುಹೋಯ್ತು.

ಏಳು ಮ್ಯಾಚಿಗೆ ಐದು ಜಾಗ! ಫೋನ್ ಮಾಡಿ, ಬೌಲ್ಡೂ ಎಲ್‌ಬಿಡಬ್ಲ್ಯೂ ಹೇಗಾದೆ ಅಂತ ಕೇಳಿದೆ. ಮೂರೂ ಸಲ ಒಳಗೆ ಬಂದ ಬಾಲು, ಮೂರೂ ಸಲ ಮುಂದಿನ ಕಾಲು ಅಡ್ಡ ಹೋಗಿತ್ತು. ಇದು ಅವನದೇ ದೋಷ, ಇದಕ್ಕೆ ಬೇರೆ ಯಾರನ್ನೂ ದೂರುವ ಹಾಗಿಲ್ಲ. ಉಳಿದದ್ದರಲ್ಲಿ ಮೂರು ಇನ್ನಿಂಗ್ಸು, ಬಾಲು ಇಲ್ಲದ ಹೊತ್ತಲ್ಲಿ ಹೋಗಿ ಹೊಡಿ ಅಂತ ತಳ್ಳಿದ್ದು. ಅಲ್ಲಿ ಆ ಹುಡುಗನ ಜಾಗದಲ್ಲಿ ಯಾರಿದ್ದರೂ ಅಷ್ಟೇ. ಇನ್ನು ಆ 22 ರನ್ನು, ಅದು ಅವನ ಸ್ವಂತ ಜಾಗದಲ್ಲಿ ಅರ್ಧ ಗಂಟೆಗೂ ಹೆಚ್ಚು ನಿಂತು ಹೊಡೆದದ್ದು. 46 ಅನ್ನೋ ಒಂದು ಅಂಕಿಯನ್ನ ಹೀಗೆ ಬಿಡಿಸಿ ಇಟ್ಟ ಮೇಲೆ ನನಗೆ ಹುಡುಗ ಸ್ವಲ್ಪ ಕಾಣಿಸಿದ. ಅವನು ಒಳ್ಳೇ ಆಟಗಾರ ಆಗ್ತಾನೆ ಅಂತ ಈ ಹಾಳೆ ಹೇಳಲ್ಲ. ಆಗಲ್ಲ ಅಂತಲೂ ಹೇಳಲ್ಲ. ಇನ್ನೂ ಯಾರೂ ಅವನನ್ನ ಸರಿಯಾಗಿ ಪರೀಕ್ಷೆ ಮಾಡಿಲ್ಲ ಅಂತ ಮಾತ್ರ ಹೇಳುತ್ತೆ.

"ನಿನ್ನ ಜಾಗ ಯಾವುದು ಅಂತ ಕ್ಯಾಪ್ಟನ್ ಹೇಳಿದಾನಾ?" ಅಂತ ಕೇಳಿದೆ.

"ಇಲ್ಲ ಮಾವ. ಪ್ಯಾಡ್ ಕಟ್ಕೋ ಅಂದಾಗ ಕಟ್ಕೊಳಾದು."

ನೋಡಿ, ಇಲ್ಲಿಗೆ ಬಂತು ವಿಷಯ. ನಾಯಕ ಅಂದರೆ ಟಾಸ್ ಹಾಕೋಕೆ ಹೋಗೋನು, ಫೀಲ್ಡಿಂಗ್ ನಿಲ್ಲಿಸೋನು ಅಂತ ನಾವು ಅಂದ್ಕೊಂಡಿರ್ತೀವಿ. ಅದೆಲ್ಲ ಕಣ್ಣಿಗೆ ಕಾಣೋ ಕೆಲಸ. ಕಾಣದ ಕೆಲಸ ಒಂದಿದೆ. ಸೋಲ್ತಿರೋ ಹುಡುಗನಿಗೆ, ನಿನ್ನ ಸೋಲಿನಲ್ಲಿ ಇಷ್ಟು ನಿನ್ನದು, ಇಷ್ಟು ನಮ್ಮದು ಅಂತ ಬಿಡಿಸಿ ಹೇಳೋದು. ಎಷ್ಟು ದಿನ ನಿನ್ನ ಹಿಂದೆ ನಿಲ್ತೀವಿ ಅಂತ ಬಾಯಿ ಬಿಟ್ಟು ಹೇಳೋದು. ಅದನ್ನ ಹೇಳದೆ ಹೋದರೆ ಹುಡುಗ ಪ್ರತಿ ಬಾಲನ್ನೂ ಕೊನೇ ಬಾಲು ಅಂತ ಆಡ್ತಾನೆ. ಹಾಗೆ ಆಡಿದವರಿಗೆ ಕಾಲು ಅಡ್ಡ ಹೋಗದೆ ಇನ್ನೇನಾಗುತ್ತೆ?

ಇದರಲ್ಲಿ ಇಡೀ ತಂಡಕ್ಕೆ ಏನು ಲಾಭ ಅಂತ ಕೇಳಬಹುದು. ಅದಕ್ಕೆ ನಮ್ಮ ಮೈಸೂರಿನದೇ ಒಂದು ನೆನಪು. 2010ರ ಜನವರಿ, ಮಾನಸಗಂಗೋತ್ರಿಯ ಗ್ಲೇಡ್ಸ್ ಮೈದಾನ, ರಣಜಿ ಫೈನಲ್, ಎದುರು ಮುಂಬೈ. ಕವಲಂದೆಯಿಂದ ಬೆಳಗಿನ ರೈಲಿಗೆ ಹೊರಟು ಹೋಗಿದ್ದೆ. ಕಿಕ್ಕಿರಿದ ಜನ. ರಾಬಿನ್ ಉತ್ತಪ್ಪನ ನಾಯಕತ್ವದ ಎಳೆ ಹುಡುಗರ ತಂಡ. 338 ಬೇಕಿತ್ತು. ಇಪ್ಪತ್ತು ವರ್ಷದ ಮನೀಶ್ ಪಾಂಡೆ 144 ಹೊಡೆದ. ಗೆದ್ದೇಬಿಟ್ಟೆವು ಅಂದುಕೊಳ್ಳೋ ಹೊತ್ತಿಗೆ ವಿಕೆಟ್ ಮೇಲೆ ವಿಕೆಟ್ ಬಿದ್ದು 331ಕ್ಕೆ ಆಲ್ ಔಟು. ಆರೇ ಆರು ರನ್ನಿನ ಸೋಲು. ಆವತ್ತು ವಾಪಸ್ ಬರೋ ರೈಲಲ್ಲಿ ಯಾರೂ ಯಾರ ಜೊತೆಗೂ ಮಾತಾಡಲಿಲ್ಲ.

ಆ ಸೋಲನ್ನ ನೋಡಿ, ಈ ಹುಡುಗರ ಕೈಲಾಗಲ್ಲ ಅಂತ ಎಲ್ಲರನ್ನೂ ತೆಗೆದು ಬಿಸಾಕಬಹುದಿತ್ತು. ಹಾಗಾಗಲಿಲ್ಲ. ಉತ್ತಪ್ಪ, ಪಾಂಡೆ, ಮಿಥುನ್, ವಿನಯ್ ಕುಮಾರ್ ನಾಲ್ವರೂ ನಾಲ್ಕು ವರ್ಷದ ನಂತರ ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನ ಸೋಲಿಸಿ 2013-14ರ ರಣಜಿ ಗೆದ್ದ ತಂಡದಲ್ಲಿದ್ದರು. ಈಗ ಕ್ಯಾಪ್ಟನ್ ದಾವಣಗೆರೆಯ ವಿನಯ್. ಮರುವರ್ಷ ಮತ್ತೆ ಫೈನಲ್, 2015ರ ಮಾರ್ಚ್, ಮುಂಬೈನ ವಾಂಖೆಡೆ, ಎದುರು ತಮಿಳುನಾಡು. ಆ ಋತುವಿನಲ್ಲಿ ಕರುಣ್ ನಾಯರ್ ಬ್ಯಾಟಿನಿಂದ ಹೇಳಿಕೊಳ್ಳುವಂಥ ರನ್ ಬಂದಿರಲಿಲ್ಲ. ಆದರೂ ಫೈನಲ್‌ನಲ್ಲಿ ಅವನ ಜಾಗ ಅವನಿಗೇ ಇತ್ತು. ಕರ್ನಾಟಕ 84ಕ್ಕೆ 5. ಅಲ್ಲಿಂದ ಕರುಣ್ ಹೊಡೆದದ್ದು 328! ರಾಹುಲ್ 188, ಇಬ್ಬರ ಜೊತೆಯಾಟ 386. ಕ್ಯಾಪ್ಟನ್ ತಾನೂ ಸೆಂಚುರಿ ಹೊಡೆದು, ಐದು ವಿಕೆಟ್ಟೂ ತೆಗೆದ. ಎರಡು ವರ್ಷ ಸತತವಾಗಿ ರಣಜಿ, ಇರಾನಿ, ವಿಜಯ್ ಹಜಾರೆ ಮೂರೂ ನಮ್ಮದೇ. ಇಬ್ಬರು ಹುಡುಗರ ಹಿಂದೆ ನಿಂತಿದ್ದಕ್ಕೆ ತಂಡಕ್ಕೆ ಸಿಕ್ಕಿದ ಬಡ್ಡಿ ಅಂತೀನಿ ನಾನು ಅದನ್ನ.

ಎಲ್ಲಾ ಕತೆಗಳೂ ಹೀಗೇ ಮುಗಿದರೆ ಎಷ್ಟು ಚೆನ್ನ. ಆದರೆ ಅದೇ ಕರುಣ್‌ನ ಮುಂದಿನ ದಾರಿ ನೋಡಿ. 2016ರ ಡಿಸೆಂಬರ್ 19, ಚೆನ್ನೈ, ಇಂಗ್ಲೆಂಡ್ ಮೇಲೆ 303 ನಾಟ್ ಔಟ್. ಅದು ಅವನ ಮೂರನೇ ಟೆಸ್ಟು. ಸೆಹ್ವಾಗ್ ಬಿಟ್ಟರೆ ಬೇರೆ ಯಾವ ಭಾರತೀಯನೂ ಮುಟ್ಟದ ಜಾಗ. ಮುಂದಿನ ಟೆಸ್ಟಿಗೆ ಗಾಯದಿಂದ ಗುಣವಾದ ರಹಾನೆ ಬಂದರು, ಕರುಣ್ ಹೊರಗೆ. ಆಸ್ಟ್ರೇಲಿಯಾ ಮೇಲೆ ಮೂರು ಟೆಸ್ಟ್ ಸಿಕ್ಕಿತು, ರನ್ ಬರಲಿಲ್ಲ: 26, 0, 23, 5. ಮುಗೀತು. 2018ರಲ್ಲಿ ಇಂಗ್ಲೆಂಡಿಗೆ ಕರ್ಕೊಂಡು ಹೋದರು, ಆಡಿಸಲಿಲ್ಲ. ಕೊನೇ ಟೆಸ್ಟಿಗೆ ತಡವಾಗಿ ಬಂದು ಸೇರಿದ ಹನುಮ ವಿಹಾರಿಯನ್ನ ಆಡಿಸಿದರು. ನನ್ನ ಜೊತೆ ಯಾರೂ ಮಾತೇ ಆಡಿಲ್ಲ ಅಂತ ಕರುಣ್ ಆಮೇಲೆ ಪತ್ರಿಕೆಯವರಿಗೆ ಹೇಳಿದ. ಮಾತಾಡಿದ್ದೇವೆ ಅಂತ ಆಗಿನ ಮುಖ್ಯ ಆಯ್ಕೆಗಾರ ಎಂ.ಎಸ್.ಕೆ. ಪ್ರಸಾದ್ ಹೇಳಿದರು. ಇಬ್ಬರಲ್ಲಿ ಯಾರ ಮಾತು ಸರಿ ಅಂತ ತೀರ್ಪು ಕೊಡೋಕೆ ನಾನ್ಯಾರು? ಆದರೆ 303 ಹೊಡೆದ ಹುಡುಗ ತಾನೆಲ್ಲಿ ನಿಂತಿದೀನಿ ಅಂತ ಗೊತ್ತಿಲ್ಲದೆ ಇರೋದು, ಅದಂತೂ ಎಲ್ಲೋ ಎಳೆ ತಪ್ಪಿದೆ ಅನ್ನೋದಕ್ಕೆ ಸಾಕು.

2022ರ ಹೊತ್ತಿಗೆ ಕರ್ನಾಟಕ ತಂಡದಲ್ಲೂ ಜಾಗ ಹೋಯ್ತು. ಆ ಡಿಸೆಂಬರಿನಲ್ಲಿ ಟ್ವಿಟ್ಟರಿನಲ್ಲಿ ಕ್ರಿಕೆಟ್ಟಿಗೇ ಒಂದು ಸಾಲು ಬರೆದು, ಇನ್ನೊಂದು ಅವಕಾಶ ಕೊಡು ಅಂತ ಬೇಡಿಕೊಂಡ. ಅದನ್ನ ಓದಿ ಮನಸ್ಸು ಹಿಂಡಿತ್ತು. ಆಮೇಲೆ ವಿದರ್ಭಕ್ಕೆ ಹೋದ. 2024-25ರ ವಿಜಯ್ ಹಜಾರೆಯಲ್ಲಿ ಎಂಟು ಇನ್ನಿಂಗ್ಸಲ್ಲಿ 779 ರನ್, ಐದು ಸೆಂಚುರಿ. ಆ ಫೈನಲ್ ಗೆದ್ದದ್ದು ನಾವೇ, ಅಂದರೆ ಕರ್ನಾಟಕ. ಸೋತ ತಂಡದ ಕ್ಯಾಪ್ಟನ್ ಕರುಣ್. ಅವತ್ತು ಗೆದ್ದದ್ದಕ್ಕೆ ಖುಷಿ ಪಡಬೇಕೋ ಬೇಡವೋ ತಿಳೀಲಿಲ್ಲ. ಅದೇ ಋತುವಿನ ರಣಜಿಯಲ್ಲಿ 863 ರನ್, ವಿದರ್ಭ ಚಾಂಪಿಯನ್.

ಎಂಟು ವರ್ಷದ ನಂತರ, 2025ರ ಜೂನ್‌ನಲ್ಲಿ ಮತ್ತೆ ಟೆಸ್ಟ್ ತಂಡ. ಸಿನಿಮಾ ಆಗಿದ್ದರೆ ಇಲ್ಲಿ ಇನ್ನೊಂದು ಮುನ್ನೂರು ಬರಬೇಕಿತ್ತು. ಇಂಗ್ಲೆಂಡಿನಲ್ಲಿ ಎಂಟು ಇನ್ನಿಂಗ್ಸು, 205 ರನ್, ಒಂದೇ ಒಂದು ಅರ್ಧ ಶತಕ. ಮುಂದಿನ ಸರಣಿಗೆ ಕೈಬಿಟ್ಟರು. ಇಪ್ಪತ್ತೈದಕ್ಕೆ ಸಿಗಬೇಕಿದ್ದ ಸಮಯ ಮೂವತ್ಮೂರಕ್ಕೆ ಸಿಕ್ಕಿದರೆ ಅದು ಅದೇ ಸಮಯ ಆಗಿರಲ್ಲ ಅನ್ನಿಸ್ತು ನನಗೆ.

ಹಾಗಂತ ಕರುಣ್‌ನನ್ನ ಇಟ್ಟುಕೊಳ್ಳಲೇಬೇಕಿತ್ತು ಅಂತ ವಾದ ಮಾಡೋದೂ ಕಷ್ಟ. ತಂಡದಲ್ಲಿ ಇರೋದು ಹನ್ನೊಂದೇ ಜಾಗ. ಸೋಲ್ತಿರೋ ಒಬ್ಬನನ್ನ ಇಟ್ಟುಕೊಂಡರೆ ಸೋಲದ ಇನ್ನೊಬ್ಬ ಹೊರಗೆ ಕೂರಬೇಕು. ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್ 1991ರ ನವೆಂಬರಿನಲ್ಲಿ ಬ್ರಿಸ್ಬೇನಿನಲ್ಲಿ ಮೊದಲ ಟೆಸ್ಟ್ ಆಡಿದರು. ಭಾರತದ ನೆಲದಲ್ಲಿ ಮೊದಲ ಟೆಸ್ಟ್ ಆಡಿದ್ದು 1994ರ ನವೆಂಬರಿನಲ್ಲಿ, ಕಪಿಲ್ ದೇವ್ ನಿವೃತ್ತಿ ಆದ ಮೇಲೆ. ಇಲ್ಲಿನ ಪಿಚ್ಚಿಗೆ ಮೂವರು ಸ್ಪಿನ್ನರು, ಇಬ್ಬರು ವೇಗಿಗಳು ಸಾಕು ಅನ್ನೋ ಲೆಕ್ಕ. ಮೈಯಲ್ಲಿ ವೇಗ ಉಕ್ಕುತ್ತಿದ್ದ ಮೂರು ವರ್ಷ ನಮ್ಮವರು ತವರಿನಲ್ಲಿ ನೀರು ಹೊತ್ತರು. ಮುಂದೆ 236 ಟೆಸ್ಟ್ ವಿಕೆಟ್ ತೆಗೆದವರು ಇವರೇ. ರಾಹುಲ್ ವಿಷಯದಲ್ಲೂ ಅಷ್ಟೇ. 2023ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾ ಮೇಲೆ 20, 17, 1 ಹೊಡೆದು ಉಪನಾಯಕತ್ವವೂ ಹೋಗಿ ಜಾಗವೂ ಹೋದಾಗ, ಆಚೆ ಕಾಯ್ತಾ ಕೂತಿದ್ದವನು ಶುಭಮನ್ ಗಿಲ್. ಅವನೂ ಯಾರದೋ ಮನೆ ಮಗನೇ. ತೆಗೆದದ್ದು ತಪ್ಪಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ಸೆಂಚೂರಿಯನ್‌ನಲ್ಲಿ ರಾಹುಲ್‌ಗೆ ಬೇರೆ ಕೆಲಸ ಕೊಟ್ಟರು, ವಿಕೆಟ್ ಕೀಪಿಂಗು, ಜೊತೆಗೆ ಕೆಳಗಿನ ಕ್ರಮಾಂಕ. 101 ಹೊಡೆದ. 2025ರಲ್ಲಿ ಇಂಗ್ಲೆಂಡಿನಲ್ಲಿ ಮತ್ತೆ ಓಪನರ್, 532 ರನ್.

ತೆಗೆಯೋದೂ ನಾಯಕನ ಕೆಲಸವೇ, ಇಟ್ಟುಕೊಳ್ಳೋದೂ ಅವನ ಕೆಲಸವೇ. ಎರಡರಲ್ಲಿ ಯಾವುದನ್ನೇ ಮಾಡಲಿ, ಹುಡುಗನ ಮುಖ ನೋಡಿ ಹೇಳೋ ಧೈರ್ಯ ಇರಬೇಕು ಅನ್ನೋದಷ್ಟೇ ನನ್ನ ವಾದ.

ಈ ಹಾಳೆ ಹಿಡ್ಕೊಂಡು ಭಾವನ ಹತ್ತಿರ ಕೂತೆ. ಪಟೌಡಿ ಗಿಟೌಡಿ ಏನೂ ಹೇಳಲಿಲ್ಲ. ಏಳು ಸಾಲು ಓದಿ ಹೇಳಿದೆ. ಅವರು ಬೇಸಾಯದವರು, ಬೇಗ ಅರ್ಥವಾಯ್ತು. "ಅಂಗಾರೆ ಒಂದೇ ಬೀಜವ ಐದು ಹೊಲಕ್ಕೆ ಹಾಕ್ಬುಟ್ಟು ಬೆಳೆ ಬರ್ನಿಲ್ಲ ಅಂತಾವ್ರೆ ಅನ್ನು," ಅಂದರು. ಇಷ್ಟು ಹೊತ್ತು ನಾನು ಬರೆದದ್ದನ್ನೆಲ್ಲ ಒಂದೇ ಸಾಲಲ್ಲಿ ಮುಗಿಸಿಬಿಟ್ಟರು! ಆದರೆ ಅವರೂ ಒಂದು ಗಡುವು ಹಾಕಿದರು. ಯುಗಾದಿ ತನಕ. ಕಾಲೇಜು ಬಿಡೋ ಹಾಗಿಲ್ಲ. ಯುಗಾದಿ ಆದ ಮೇಲೂ ಹೀಗೇ ಇದ್ದರೆ ಟ್ರೈನಿ ಕೆಲಸ. ಹುಡುಗ ತಲೆ ಆಡಿಸಿದ. ಗಡುವು ಸಿಕ್ಕಿದ್ದಕ್ಕೆ ಅವನ ಮುಖದಲ್ಲಿ ಒಂದು ಥರ ನಿರಾಳ ಕಂಡಿತು ನನಗೆ. ಎಲ್ಲಿ ತನಕ ಅಂತ ಗೊತ್ತಾದರೆ ಮನುಷ್ಯ ನಡೀತಾನೆ.

ಕ್ಯಾಪ್ಟನ್ ಹತ್ತಿರ ನೀನೇ ಹೋಗಿ ಕೇಳು, ನಾನು ಬರಲ್ಲ ಅಂದೆ. ಹೋಗಿ ಕೇಳಿದ. ಆ ಕ್ಯಾಪ್ಟನ್ನಿಗೂ ಇಪ್ಪತ್ನಾಲ್ಕು ವರ್ಷ ಅಷ್ಟೇ ಅಂತೆ. ಅವನಿಗೂ ಮೇಲಿನವರ ಒತ್ತಡ, ಗೆಲ್ಲಬೇಕು, ಎಲ್ಲರನ್ನೂ ಸಮಾಧಾನ ಮಾಡಬೇಕು. ಸ್ವಲ್ಪ ಹೊತ್ತು ಯೋಚನೆ ಮಾಡಿ, "ಮುಂದಿನ ನಾಲ್ಕು ಮ್ಯಾಚು ಓಪನಿಂಗ್ ನೀನೇ. ಏನೇ ಆದ್ರೂ ನಾಲ್ಕು. ಆಮೇಲೆ ಕೂತು ಮಾತಾಡೋಣ," ಅಂದನಂತೆ. ಒಳಗೆ ಬರೋ ಬಾಲಿಗೆ ಅಂತ ದಿನಾ ನೂರು ಬಾಲು ಎಸೆಸಿಕೊಳ್ತಿದಾನೆ ಇವನು. ನಾಲ್ಕರಲ್ಲಿ ಎರಡು ಮುಗಿದಿವೆ. 9 ಮತ್ತು 31. ಪವಾಡ ಏನೂ ಆಗಿಲ್ಲ. ಉಳಿದ ಎರಡರಲ್ಲಿ ಏನಾಗುತ್ತೋ ನನಗೂ ಗೊತ್ತಿಲ್ಲ, ಭಾವನಿಗೂ ಗೊತ್ತಿಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬೇರೆ ಒಂದು ವಿಷಯ. ಇವನು ಓಪನಿಂಗಿಗೆ ಹೋದ ಮೇಲೆ ಅದುವರೆಗೆ ಓಪನ್ ಮಾಡ್ತಿದ್ದ ಇನ್ನೊಬ್ಬ ಹುಡುಗ ಕೆಳಗಿಳಿಯಬೇಕಾಯ್ತು. ತಿ. ನರಸೀಪುರದ ಕಡೆಯವನಂತೆ, ದಿನಾ ಬಸ್ಸಲ್ಲಿ ಬರ್ತಾನೆ. ಕ್ಯಾಪ್ಟನ್ ಅವನನ್ನೂ ಪಕ್ಕಕ್ಕೆ ಕರೆದು, ಯಾಕೆ ಹೀಗೆ, ಎಷ್ಟು ಮ್ಯಾಚು ಹೀಗೆ ಅಂತ ಹೇಳಿದನಂತೆ. ಹುಡುಗನಿಗೆ ಬೇಜಾರಾಯ್ತು, ಆದರೂ ಅವತ್ತು ನೆಟ್ಸಲ್ಲಿ ಇವನಿಗೆ ಬಾಲ್ ಎಸೆದದ್ದು ಅವನೇ. ಇಪ್ಪತ್ನಾಲ್ಕು ವರ್ಷದ ಆ ಹುಡುಗನ ಹೆಸರು ಯಾವ ಪೇಪರಿನಲ್ಲೂ ಬರಲ್ಲ. ಈ ನಾಲ್ಕು ಮ್ಯಾಚಲ್ಲಿ ತಂಡ ಸೋತರೆ ಅವನ ಕ್ಯಾಪ್ಟನ್ಸಿಯೂ ಹೋಗಬಹುದು. ಹಾಗಿದ್ದೂ ಕೊಟ್ಟ ಮಾತು ಇಟ್ಟುಕೊಂಡಿದಾನೆ.

ನಿಮ್ಮ ಆಫೀಸಲ್ಲಿ, ಮನೇಲಿ, ನಿಮ್ಮೂರಿನ ನಾಟಕದ ತಂಡದಲ್ಲಿ ಹೀಗೆ ಸೋಲ್ತಾ ನಿಂತಿರೋ ಎಳೆಯರು ಒಬ್ಬರಾದರೂ ಇದ್ದೇ ಇರ್ತಾರೆ. ಅವರಿಗೆ ಯಾರಾದರೂ ನಾಲ್ಕು ಮ್ಯಾಚಿನ ಮಾತು ಕೊಟ್ಟಿದಾರಾ? ನಿಮಗೆ ಯಾರಾದರೂ ಕೊಟ್ಟಿದ್ದರಾ? ನೆನಪಿದ್ದರೆ ಹೇಳಿ.